ಫ್ಲೆಕ್ಸಿನ ಹಿಂಬದಿ

ಆಗಸ್ಟ್ ೧೮, ಸೋಮವಾರ

ಈ ಡೈರಿ ಗೋವಿಂದಯ್ಯನವರ ಗೊಬ್ಬರದ ಅಂಗಡಿಯಿಂದ ಅಪ್ಪನಿಗೆ ಹೊಸ ವರ್ಷಕ್ಕೆ ಬಂದದ್ದು. ಇಷ್ಟು ದಿನ ಬೀರುವಿನ ಮೇಲೆ ದೂಳು ಕುಡಿಯುತ್ತಾ ಬಿದ್ದಿತ್ತು. ಪ್ರತಿ ಪುಟದ ಕೆಳಗೂ ಯೂರಿಯಾ, ಪೊಟ್ಯಾಷ್ ಜಾಹೀರಾತು. ಇರಲಿ, ನನ್ನ ತಲೆಗೂ ಈಗ ಸ್ವಲ್ಪ ಗೊಬ್ಬರ ಬೇಕಾಗಿದೆ. ಜನವರಿ ತಾರೀಖುಗಳನ್ನು ಹೊಡೆದು ಹಾಕಿ ನನ್ನ ತಾರೀಖು ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಯಾರೂ ಇದನ್ನು ಮುಟ್ಟುವುದಿಲ್ಲ, ಆದ್ದರಿಂದ ನಿಜವನ್ನೇ ಬರೆಯಬಹುದು.

ನಿಜ ಏನೆಂದರೆ, ಇವತ್ತು ಫಿಸಿಕ್ಸ್ ಕ್ಲಾಸಿನಲ್ಲಿ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಇದನ್ನು ತಗಡೂರಿನಲ್ಲಿ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ಯಾಕೆಂದರೆ ಬಸ್ ಸ್ಟಾಪಿನ ಹಿಂದೆ ಎರಡು ಬೊಂಬು ನೆಟ್ಟು ಯುವಕರ ಸಂಘದವರು ನನ್ನ ಫ್ಲೆಕ್ಸ್ ಕಟ್ಟಿದ್ದಾರೆ. ‘ಪಿಯುಸಿ ಭೌತಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಗಳಿಸಿದ ನಮ್ಮೂರ ಹೆಮ್ಮೆಯ ಪುತ್ರಿ, ಭಾವಿ ವಿಜ್ಞಾನಿ ಇಂದ್ರಾಣಿ ರಾಜೇಂದ್ರ ಅವರಿಗೆ ಅಭಿನಂದನೆಗಳು.’ ನನ್ನ ಮುಖ ನಮ್ಮ ಮನೆಯ ಕಿಟಕಿಗಿಂತ ದೊಡ್ಡದಾಗಿದೆ. ಕಿವಿಯ ಪಕ್ಕದಿಂದ ಒಂದು ರಾಕೆಟ್ ಮೇಲಕ್ಕೆ ಹಾರುತ್ತಿದೆ. ರಾಕೆಟ್ ಐಡಿಯಾ ಸಂಘದ ಕಿರಣನದು. ಕೆಳಗೆ ಸಂಘದ ಹುಡುಗರ ಫೋಟೊಗಳು ಸಾಲಾಗಿವೆ. ನೋಡಿದವರು ಎಲ್ಲರೂ ಒಟ್ಟಿಗೆ ಪಾಸಾದರೆಂದು ತಿಳಿಯಬೇಕು. ದಿನಾ ಬೆಳಿಗ್ಗೆ ನನ್ನದೇ ಗದ್ದದ ಕೆಳಗೆ ನಿಂತು ನಂಜನಗೂಡಿನ ಬಸ್ಸಿಗೆ ಕಾಯುತ್ತೇನೆ.

ಫಿಸಿಕ್ಸಿಗೆ ಅಮೃತೇಶ್ ಸರ್ ಬರುತ್ತಾರೆ. ಅತಿಥಿ ಉಪನ್ಯಾಸಕರು. ಸೋಮವಾರದಿಂದ ಬುಧವಾರದವರೆಗೆ ನಮ್ಮ ಕಾಲೇಜು, ಗುರುವಾರದಿಂದ ಶನಿವಾರದವರೆಗೆ ತಿ. ನರಸೀಪುರದ ಕಾಲೇಜು. ನಮಗೆ ಮೊದಲ ವರ್ಷಕ್ಕೇ ಮಾಡರ್ನ್ ಫಿಸಿಕ್ಸ್ ಇಟ್ಟಿದ್ದಾರೆ. ಅಣು, ಬೆಳಕು, ನಕ್ಷತ್ರ ಅಂತ ಏನಾದರೂ ಕೇಳಬಹುದು ಎಂದು ಆಸೆಯಿಂದ ಹೋದರೆ ಬೋರ್ಡಿನ ತುಂಬ ಬರೀ ಲೆಕ್ಕ. ಸರ್ ಮಾತು ಇಂಗ್ಲಿಷು, ಕೈ ಬಿರುಗಾಳಿ. ನಾನು ಬರೆದುಕೊಳ್ಳುವಷ್ಟರಲ್ಲಿ ಮೊದಲ ಸಾಲು ಅಳಿಸಿ ಆಗಿರುತ್ತದೆ.

ಪರವಾಗಿಲ್ಲ. ಅರ್ಥವಾಗದಿದ್ದರೆ ಏನು, ಬಾಯಿಪಾಠ ಮಾಡಿದರಾಯಿತು. ತೊಂಬತ್ತೆಂಟು ಹಾಗೇ ತಾನೆ ಬಂದದ್ದು.

ಆಗಸ್ಟ್ ೨೫, ಸೋಮವಾರ

ಇವತ್ತು ಬೋರ್ಡಿನ ಮೇಲೆ ಒಂದು ಹೊಸ ಅಕ್ಷರ ಬಂತು. ನೋಡಲು ಡಿ ಇದ್ದ ಹಾಗಿದೆ, ಆದರೆ ಏನೋ ತಪ್ಪು ಮಾಡಿದವರ ಹಾಗೆ ತಲೆ ಬಗ್ಗಿಸಿ ನಿಂತಿದೆ. ಸರ್ ಮೇಲೊಂದು ಕೆಳಗೊಂದು ಬರೆದು ಮುಂದಕ್ಕೆ ಓಡಿದರು.

ನನ್ನ ಬೆಂಚಿನಲ್ಲಿ ಕಳಲೆಯ ರೋಜಾ ಎಂಬುವಳು ಕೂರುತ್ತಾಳೆ. ಪಿಯುಸಿಯಲ್ಲಿ ಹೇಗೋ ದಡ ಸೇರಿದವಳು. ಅವಳು ಎದ್ದು ನಿಂತು, “ಸರ್, ಆ ಬಗ್ಗಿರೋ ಡಿ ಏನು ಸರ್?” ಎಂದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

“ಪಾರ್ಷಿಯಲ್ ಡೆರಿವೇಟಿವ್ ಅಮ್ಮ. ಮ್ಯಾಥ್ಸಲ್ಲಿ ಹೇಳ್ಕೊಡ್ತಾರೆ,” ಎಂದರು ಸರ್.

ಮುಂದಿನ ಪೀರಿಯಡ್ಡು ಮ್ಯಾಥ್ಸು. ರೋಜಾ ಮತ್ತೆ ಎದ್ದಳು. ಮೇಡಂ ಕನ್ನಡಕದ ಮೇಲಿಂದ ನೋಡಿ, “ಅದು ಮೂರನೇ ಸೆಮಿಸ್ಟರಿಗೆ ಬರೋದು. ಈಗ್ಲೇ ಯಾಕೆ ನಿಂಗೆ?” ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ.

ಆದರೂ ರೋಜಾಳದು ಅತಿಯಾಯಿತು. ತಿಳಿಯದಿದ್ದರೆ ಬರೆದುಕೊಂಡು ಸುಮ್ಮನಿರಬೇಕು. ಎಲ್ಲರೆದುರು ಎದ್ದು ನಿಂತು ನಾನು ದಡ್ಡಿ ಎಂದು ಡಂಗುರ ಸಾರಿಕೊಳ್ಳುವುದು ಯಾಕೆ? ಬೇರೆ ಬೆಂಚು ನೋಡಿಕೊಳ್ಳಬೇಕು.

ಸೆಪ್ಟೆಂಬರ್ ೨, ಮಂಗಳವಾರ

ಈಗ ಹಾದಿಗೆ ಬಂದೆ. ಸೀನಿಯರ್‌ಗಳು ‘ಗ್ಯಾರಂಟಿ’ ಪ್ರಶ್ನೆಗಳನ್ನು ಗುರುತು ಮಾಡಿ ಕೊಟ್ಟಿದ್ದಾರೆ. ಅದರಲ್ಲಿ ಮೊದಲನೆಯದು ಕಾಂಪ್ಟನ್ ಪರಿಣಾಮ. ಎಕ್ಸ್-ಕಿರಣ ಹೋಗಿ ಎಲೆಕ್ಟ್ರಾನಿಗೆ ಬಡಿಯುತ್ತದೆ, ಬಡಿದು ದಿಕ್ಕು ತಿರುಗುತ್ತದೆ, ಆಗ ಶಕ್ತಿ ಕಳೆದುಕೊಂಡು ಅದರ ಅಲೆಯುದ್ದ ಸ್ವಲ್ಪ ಹೆಚ್ಚಾಗುತ್ತದೆ. ಎಷ್ಟು ಹೆಚ್ಚಾಯಿತು ಎನ್ನುವುದಕ್ಕೆ ಎರಡು ಪುಟದ ಲೆಕ್ಕ. ಕೊನೆಗೆ ಒಂದು ಪ್ರಾಬ್ಲಮ್ಮು: ಹತ್ತು ಪಿಕೋಮೀಟರಿನ ಕಿರಣ ತೊಂಬತ್ತು ಡಿಗ್ರಿ ತಿರುಗಿದರೆ ಹೊಸ ಅಲೆಯುದ್ದ ಎಷ್ಟು? ಉತ್ತರ ಹನ್ನೆರಡು ಪಾಯಿಂಟ್ ನಾಲ್ಕು ಮೂರು. ಯಾವ ವರ್ಷದ ಪೇಪರ್ ತೆಗೆದರೂ ಅದೇ ಹತ್ತು, ಅದೇ ತೊಂಬತ್ತು.

ಹಿತ್ತಲಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಎರಡು ಪುಟವನ್ನೂ ಗಟ್ಟಿ ಮಾಡಿದೆ. ಮುದ್ದಮ್ಮಜ್ಜಿ ಸೊಪ್ಪು ಸೋಸುತ್ತಾ ಕೇಳುತ್ತಿದ್ದಳು. ನಮ್ಮಜ್ಜಿ ಸುತ್ತಮುತ್ತ ಎಲ್ಲಿ ಮದುವೆಯಾದರೂ ಸೋಬಾನೆ ಪದ ಹೇಳಲು ಹೋಗುವವಳು. ಅವಳಿಗೆ ಕೇಳಿದ್ದೆಲ್ಲ ಹಾಡೇ.

“ಅದ್ಯಾವ್ ಪದವ್ವಾ? ಚೆಂದಾಗದೆ. ಲ್ಯಾಮ್ಡಾ ಡ್ಯಾಶು ಮೈನಸು ಲ್ಯಾಮ್ಡಾ...” ಎಂದು ರಾಗ ಎಳೆದಳು.

“ಪದ ಅಲ್ಲ ಅಜ್ಜಿ, ಡೆರಿವೇಶನ್ನು.”

“ಅದೇನಾರಾ ಆಗ್ಲಿ, ಮದ್ಯ ಮದ್ಯ ಉಸುರು ತಕ್ಕೊ. ಇಲ್ದಿದ್ರೆ ಪದ ಕೆಟ್ಟೋಯ್ತದೆ.”

ಸೆಪ್ಟೆಂಬರ್ ೯, ಮಂಗಳವಾರ

ಮೊದಲ ಟೆಸ್ಟ್ ಮುಗಿಯಿತು. ಕಾಂಪ್ಟನ್ನೇ ಬಂತು! ಪ್ರಶ್ನೆಯ ಮೊದಲ ಪದ ಕಂಡೊಡನೆ ಕೈ ತಾನಾಗಿ ಓಡಿತು. ಅಂಚಿಗೆ ಗೆರೆ ಹಾಕಿದೆ, ಚಿತ್ರಕ್ಕೆ ಸ್ಕೇಲ್ ಹಿಡಿದೆ, ಉತ್ತರಕ್ಕೆ ಚೌಕ ಕಟ್ಟಿದೆ. ರೋಜಾ ಅರ್ಧ ಗಂಟೆ ಪೆನ್ನು ಕಚ್ಚುತ್ತಾ ಕೂತಿದ್ದಳು. ಅವಳ ಪೇಪರಿನ ತುಂಬ ಕಾಟು ಚಿತ್ತು. ನೋಡಿ ಪಾಪ ಅನ್ನಿಸಿತು.

ಬಸ್ ಇಳಿದಾಗ ಫ್ಲೆಕ್ಸಿನ ಕಡೆ ನೋಡಿದೆ. ರಾಕೆಟ್ಟು ಅಷ್ಟೇನೂ ಕೆಟ್ಟದಾಗಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ಇಪ್ಪತ್ತಕ್ಕೆ ನಾಲ್ಕು.

ಸೆಪ್ಟೆಂಬರ್ ೧೬, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಸಿಟ್ಟು ಬಂದಿದೆ, ಬರೆಯಬಹುದು.

ಪ್ರಶ್ನೆಯಲ್ಲಿ ಸರ್ ಡೆರಿವೇಶನ್ ಕೇಳಿಯೇ ಇರಲಿಲ್ಲ. ಕಾಂಪ್ಟನ್ ಸೂತ್ರವನ್ನು ಅವರೇ ಕೊಟ್ಟಿದ್ದರು. ಕಿರಣ ನೂರೆಂಬತ್ತು ಡಿಗ್ರಿ ತಿರುಗಿದರೆ, ಅಂದರೆ ಬಂದ ದಾರಿಗೇ ವಾಪಸ್ ಹೋದರೆ ಏನಾಗುತ್ತದೆ, ಯಾಕೆ ಎಂದು ಕೇಳಿದ್ದರು. ನಾನು ಎರಡು ಪುಟ ಡೆರಿವೇಶನ್ ಬರೆದು ತೊಂಬತ್ತು ಡಿಗ್ರಿಯ ಉತ್ತರಕ್ಕೆ ಚೌಕ ಕಟ್ಟಿದ್ದೇನೆ. ನಾನೊಬ್ಬಳೇ ಅಲ್ಲ, ಇಡೀ ಕ್ಲಾಸು ಹನ್ನೆರಡು ಪಾಯಿಂಟ್ ನಾಲ್ಕು ಮೂರು ಬರೆದಿದೆ. ರೋಜಾ ಒಬ್ಬಳನ್ನು ಬಿಟ್ಟು. ಅವಳಿಗೆ ಹನ್ನೊಂದು ಬಂದಿದೆ.

ಸರ್ ನನ್ನ ಪೇಪರ್ ಕೈಗೆ ಕೊಡುತ್ತಾ, “ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಇಂದ್ರಾಣಿ. ಆದರೆ ನಾನು ಕೇಳದೇ ಇರೋ ಪ್ರಶ್ನೆಗೆ ಉತ್ತರ ಕೊಟ್ಟಿದೀಯಲ್ಲಮ್ಮ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು, ಅದಕ್ಕೇ ಅಳು ಬಂತು.

ಪ್ರಶ್ನೆಯನ್ನೇ ಓದದ ನಾನೆಂಥ ಭಾವಿ ವಿಜ್ಞಾನಿ! ಬಿ.ಎ.ಗೆ ಹೋಗುತ್ತೇನೆ. ಇತಿಹಾಸದಲ್ಲಿ ಬಾಯಿಪಾಠಕ್ಕೆ ಬೆಲೆ ಇದೆ. ಕೋರ್ಸ್ ಬದಲಾಯಿಸಲು ಶುಕ್ರವಾರ ಕೊನೆಯ ದಿನ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಅರ್ಜಿಗೆ ಫಿಸಿಕ್ಸ್ ಮೇಷ್ಟರ ಸಹಿ ಬೇಕಂತೆ.

ಸೆಪ್ಟೆಂಬರ್ ೧೭, ಬುಧವಾರ

ಅಮೃತೇಶ್ ಸರ್ ಇವತ್ತು ರಜೆ. ನಾಳೆಯಿಂದ ಅವರು ನರಸೀಪುರ. ಸಹಿಗೆ ಅಲ್ಲಿಗೇ ಹೋಗಬೇಕು.

ಸಂಜೆ ಮನೆಯಲ್ಲಿ ಹೇಳಿದೆ. ದೊಡ್ಡ ರಂಪವಾಗುತ್ತದೆಂದು ಎದೆ ಗಟ್ಟಿ ಮಾಡಿಕೊಂಡೇ ಶುರುಮಾಡಿದೆ. ಅಪ್ಪ ಆಗಷ್ಟೇ ತಾಂಡವಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದಿದ್ದ. ಕಂಪನಿ ಬಸ್ಸಿನಲ್ಲಿ ಎಲ್ಲರಿಗೂ ಮಗಳು ಫಿಸಿಕ್ಸು ಫಿಸಿಕ್ಸು ಎಂದು ಹೇಳಿಕೊಂಡು ತಿರುಗುವವನು. ಕೇಳಿಸಿಕೊಂಡು ಟೀ ಲೋಟ ಕೆಳಗಿಟ್ಟ.

“ಕಷ್ಟ ಆದ್ರೆ ಬುಡು ಮಗ. ಯಾವ್ದ್ ಓದುದ್ರೂ ಓದೇ. ನೀ ಮಂಕಾಗ್ಬ್ಯಾಡ.”

ಅವ್ವ, “ನಿಂಗೇನ್ ಬತ್ತದೋ ಅದ್ ಮಾಡವ್ವಾ,” ಎಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಯಾರೂ ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ಜಗಳ ಆಡಿ ಅವರ ಮೇಲೆ ಹಾಕಬಹುದಿತ್ತು. ಈಗ ಏನಾದರೂ ನನ್ನ ತಲೆಯ ಮೇಲೇ.

ಸೆಪ್ಟೆಂಬರ್ ೧೮, ಗುರುವಾರ

ನಂಜನಗೂಡಿನಿಂದ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ನಿಂತೇ ಹೋದೆ. ಕಪಿಲೆ ನಮ್ಮ ಕಡೆಯಿಂದ ಹರಿದು ಬಂದು ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ, ನಾನು ಬಿ.ಎ. ಸೇರಲು ಹೋಗುತ್ತಿದ್ದೇನೆ ಎಂದುಕೊಂಡು ನಗು ಬಂತು. ಒಳಗೆ ಮಾತ್ರ ನಗು ಇರಲಿಲ್ಲ.

ಅಲ್ಲಿಯ ಕಾಲೇಜಿನಲ್ಲಿ ಸರ್ ಕ್ಲಾಸಿನಲ್ಲಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ಹಿಂದಿನ ಬೆಂಚು ತೋರಿಸಿದರು. ಹೋಗಿ ಕೂತೆ. ಬೋರ್ಡಿನ ಮೇಲೆ ಅದೇ ಕಾಂಪ್ಟನ್. ನನ್ನ ಹಣೆಬರಹ ಎಂದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ಆದರೆ ಬಾಯಿಪಾಠ ಮಾಡಿದ ನಾಲಿಗೆ ಸುಮ್ಮನಿರುತ್ತದೆಯೇ? ಸರ್ ಬರೆದ ಸಾಲಿನ ಮುಂದಿನ ಸಾಲನ್ನು ನಾನು ಒಳಗೇ ಹೇಳಿಕೊಳ್ಳುತ್ತಿದ್ದೆ. ಕೊನೆಯಲ್ಲಿ ಸರ್ ‘ಒಂದು ಪ್ಲಸ್ ಕಾಸ್ ಥೀಟಾ’ ಎಂದು ಬರೆದು ಸುಣ್ಣದ ಕಡ್ಡಿ ಕೆಳಗಿಟ್ಟರು.

“ಮೈನಸ್ ಸರ್,” ಎಂದೆ. ನಾನು ಹೇಳಿದ್ದು ನನಗೇ ಆಮೇಲೆ ಕೇಳಿಸಿತು. ಎಲ್ಲರೂ ಹಿಂದಕ್ಕೆ ತಿರುಗಿದರು.

ಸರ್ ಬೋರ್ಡನ್ನೇ ನೋಡಿದರು. “ಹೌದಾ? ಯಾಕೆ?”

“ಬುಕ್ಕಲ್ಲಿ ಹಾಗೇ ಇದೆ ಸರ್.”

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. “ಬುಕ್ಕೇ ತಪ್ಪಿದ್ರೆ? ಪ್ರಿಂಟ್ ಹಾಕೋನೂ ಮನುಷ್ಯನೇ ಅಲ್ವೇನಮ್ಮ?” ಎಂದು ಬೋರ್ಡಿನ ಮುಂದೆ ಹೋಗಿ ನಿಂತರು. “ಒಂದು ನಿಮಿಷ ಇರಿ, ನಂಗೂ ಗೊತ್ತಾಗ್ತಿಲ್ಲ.”

ಮೇಷ್ಟರಾದವರು ಬೋರ್ಡಿನ ಮುಂದೆ ನಿಂತು ಗೊತ್ತಾಗ್ತಿಲ್ಲ ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರು ಲೆಕ್ಕದ ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಹೋದರು. “ಕಿರಣ ತಿರುಗಲೇ ಇಲ್ಲ ಅಂದ್ಕೊಳ್ಳಿ. ಯಾವ ಎಲೆಕ್ಟ್ರಾನಿಗೂ ಬಡೀದೆ ನೆಟ್ಟಗೆ ಹೋಯ್ತು. ಆಗ ಅದು ಎಷ್ಟು ಶಕ್ತಿ ಕಳ್ಕೊಂಡಿರುತ್ತೆ?”

“ಏನೂ ಇಲ್ಲ ಸರ್,” ಎಂದರು ಮುಂದಿನ ಬೆಂಚಿನವರು.

“ಈಗ ನನ್ನ ಸೂತ್ರದಲ್ಲಿ ಥೀಟಾಗೆ, ಅಂದ್ರೆ ತಿರುಗಿದ ಕೋನಕ್ಕೆ, ಸೊನ್ನೆ ಹಾಕಿ. ಕಾಸ್ ಸೊನ್ನೆ ಒಂದು. ಒಂದು ಪ್ಲಸ್ ಒಂದು ಎರಡು. ಅಂದ್ರೆ ಏಟೇ ಬೀಳದೋನಿಗೆ ಎಲ್ಲರಿಗಿಂತ ಹೆಚ್ಚು ಗಾಯ! ಆಗುತ್ತಾ? ಮೈನಸ್ ಹಾಕಿದ್ರೆ ಸೊನ್ನೆ. ಸರಿಹೋಯ್ತಾ? ಬುಕ್ ಬೇಡ, ನೋಡಿ, ಬೋರ್ಡೇ ಹೇಳ್ತಾ ಇದೆ.” ಆಮೇಲೆ ಎಲ್ಲಿ ಪ್ಲಸ್ ನುಸುಳಿತೆಂದು ಹುಡುಕಿ ತಾವೇ ಹಿಡಿದು, ಬೆರಳಿನಿಂದ ಒರೆಸಿ ತಿದ್ದಿದರು. ಅಂಗಿಯ ತುಂಬ ಸುಣ್ಣ.

ಕ್ಲಾಸ್ ಮುಗಿದ ಮೇಲೆ ವರಾಂಡದಲ್ಲಿ ಅರ್ಜಿ ಕೊಟ್ಟೆ. ಬುದ್ಧಿವಾದ ಹೇಳುತ್ತಾರೆ ಎಂದು ಕಾದೆ. ಸರ್ ಜೇಬಿನಿಂದ ಪೆನ್ನು ತೆಗೆದು ಗೋಡೆಗಿಟ್ಟು ಸಹಿ ಹಾಕಿಬಿಟ್ಟರು.

“ಬಿ.ಎ. ಕೆಟ್ಟದ್ದೇನಲ್ಲಮ್ಮ. ಒಂದು ಮಾತು ಹೇಳ್ತೀನಿ. ಮೊದಲನೇ ವರ್ಷಕ್ಕೆ ಈ ಗಣಿತ ಜಾಸ್ತೀನೇ. ನಾನೂ ಕನ್ನಡ ಮೀಡಿಯಮ್ಮೇ, ನಂಗೂ ಹೀಗೇ ಆಗಿತ್ತು. ಅದು ನಿನ್ನ ತಪ್ಪಲ್ಲ. ತಪ್ಪು ಅಂದ್ಕೊಂಡು ಮಾತ್ರ ಹೋಗ್ಬೇಡ.”

ಊಟದ ಡಬ್ಬಿ ಬಿಚ್ಚುತ್ತಾ ಮುಂದಿನ ಕ್ಲಾಸಿಗೆ ಹೊರಟರು. ನಡೆಯುತ್ತಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅವರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

ಬಸ್ ನಿಲ್ದಾಣದಲ್ಲಿ ಕಾಯುವಾಗ ಸುಮ್ಮನೆ ನೂರೆಂಬತ್ತು ಹಾಕಿ ನೋಡಿದೆ. ಕಾಸ್ ನೂರೆಂಬತ್ತು ಮೈನಸ್ ಒಂದು. ಒಂದರಲ್ಲಿ ಮೈನಸ್ ಒಂದನ್ನು ಕಳೆದರೆ ಎರಡು. ತೊಂಬತ್ತರಲ್ಲಿ ಆದದ್ದರ ಎರಡು ಪಟ್ಟು. ಹೆಚ್ಚೆಂದರೆ ಅಷ್ಟೇ, ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ನೆಟ್ಟಗೆ ಹೋದರೆ ಏನೂ ಇಲ್ಲ, ಅಡ್ಡ ತಿರುಗಿದರೆ ಒಂದು, ವಾಪಸ್ ಬಂದರೆ ಎರಡು. ಇಷ್ಟೇ ಇದ್ದದ್ದು!

ಬಸ್ಸು ಬಂದು ಹೋಯಿತಂತೆ. ನೋಡಲಿಲ್ಲ. ಮುಂದಿನದಕ್ಕೆ ಬಂದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಬೆಳಿಗ್ಗೆ ರೋಜಾಗೆ ಕೇಳಿದೆ, ಟೆಸ್ಟಿನಲ್ಲಿ ನಿನಗೆ ಹೇಗೆ ಹೊಳೆಯಿತು ಎಂದು.

“ವಳೀನಿಲ್ಲ ಕಣೇ. ನಂಗ್ ಡೆರಿವೇಶನ್ನೇ ನೆಪ್ಪಿರ್ನಿಲ್ಲ. ಅದ್ಕೇ ಪ್ರಶ್ನೇನ ಸರ್ಯಾಗ್ ಓದ್ದೆ,” ಎಂದಳು. ಇಂಥ ಮಾತನ್ನು ನಾಚಿಕೆಯಿಲ್ಲದೆ ಹೇಳುವವಳು ಅವಳೊಬ್ಬಳೇ.

ನಿನ್ನೆ ಸರ್ ಮಾಡಿದ್ದನ್ನು ಅವಳಿಗೆ ಹೇಳಲು ಹೋದೆ. ಕೂಡಲೇ, “ಅದ್ ಸರಿ, ಕಿರಣ ಯಾಕ್ ಶಕ್ತಿ ಕಳ್ಕೊಬೇಕು? ವಸಿ ನಿಧಾನ ಆದ್ರೆ ಸಾಕಲ್ವಾ?” ಎಂದಳು. ಬೆಳಕು ನಿಧಾನವಾಗುವ ಹಾಗಿಲ್ಲ ಎಂದೆ. ಯಾಕಿಲ್ಲ ಎಂದಳು. ನನಗೆ ಗೊತ್ತಿರಲಿಲ್ಲ. ಲೈಬ್ರರಿಯ ಮೆಟ್ಟಿಲ ಮೇಲೆ ಇಬ್ಬರೂ ಕಿತ್ತಾಡಿಕೊಂಡು ಕೂತೆವು. ಬುತ್ತಿ ತಿಂದದ್ದೂ ಅಲ್ಲೇ. ಒಂದಕ್ಕೆ ಉತ್ತರ ಸಿಕ್ಕಿತು, ಎರಡು ಹೊಸ ಪ್ರಶ್ನೆ ಗಂಟುಬಿತ್ತು.

ಎದ್ದು ಬರುವಷ್ಟರಲ್ಲಿ ಆಫೀಸಿನ ಬಾಗಿಲು ಹಾಕಿತ್ತು. ಅರ್ಜಿ ಬ್ಯಾಗಿನಲ್ಲೇ ಇದೆ. ಸೋಮವಾರ ತೆಗೆದುಕೊಳ್ಳುತ್ತಾರೋ ಏನೋ ಕೇಳಬೇಕು.

ಸೆಪ್ಟೆಂಬರ್ ೨೮, ಭಾನುವಾರ

ದಸರಾ ರಜೆ. ಇವತ್ತು ಊರಲ್ಲಿ ಒಂದು ಸುದ್ದಿಯಾದೆ.

ರೋಜಾಳ ಒಂದು ಪ್ರಶ್ನೆ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಬಡಿತ ಒಂದೇ ಆದರೂ ತಿರುಗಿದ ಕೋನಕ್ಕೆ ತಕ್ಕಂತೆ ಕಳೆದುಕೊಳ್ಳುವುದು ಯಾಕೆ ಬದಲಾಗಬೇಕು? ಸಂಘದ ರೂಮಿನ ಮುಂದೆ ಹಾದು ಬರುವಾಗ ಒಳಗೆ ಕ್ಯಾರಂ ಸದ್ದು ಕೇಳಿಸಿತು. ಹೆಣ್ಣುಮಕ್ಕಳು ಆ ರೂಮಿನ ಮೆಟ್ಟಿಲು ಹತ್ತಿದ್ದು ಯಾರೂ ಕಂಡಿಲ್ಲ. ನಾನು ಸೀದಾ ಒಳಗೆ ಹೋಗಿ ಸ್ಟ್ರೈಕರ್ ಕೊಡಿ ಎಂದೆ.

ಕಿರಣ ಬೆಂಚಿನಿಂದ ಎದ್ದೇಬಿಟ್ಟ. “ಇದೇನಕ್ಕಾ, ಸೈಂಟಿಸ್ಟೇ ಕ್ಯಾರಮ್ಗೆ ಬಂದ್ಬುಟ್ರಲ್ಲಾ! ಏಯ್, ಜಾಗ ಬುಡ್ರುಲಾ.”

ಬರೀ ಒಂದು ಕಾಯಿ ನಡುವೆ ಇಟ್ಟು ಹೊಡೆದೆ. ಅಂಚಿಗೆ ಸವರಿದರೆ ಕಾಯಿ ಅಲ್ಲಾಡಿದ ಹಾಗೆ ಮಾಡುತ್ತದೆ, ಸ್ಟ್ರೈಕರ್ ತನ್ನ ಪಾಡಿಗೆ ತಾನು ಓಡುತ್ತದೆ. ಎದೆಗೇ ಹೊಡೆದರೆ ಕಾಯಿ ಚಿಮ್ಮುತ್ತದೆ, ಸ್ಟ್ರೈಕರಿನ ಜೋರು ಇಳಿದುಹೋಗುತ್ತದೆ. ಎಷ್ಟು ಕೊಟ್ಟಿತೋ ಅಷ್ಟು ಕಳೆದುಕೊಂಡಿತು. ಮತ್ತೆ ಹೊಡೆದೆ, ಮತ್ತೆ ಇಟ್ಟೆ. ಹುಡುಗರು ಮೊದಲು ನಕ್ಕರು, ಆಮೇಲೆ ಅವರೇ ಕಾಯಿ ಇಟ್ಟು ಕೊಡತೊಡಗಿದರು.

“ಅಕ್ಕಾ, ನೀವ್ ಒಂದ್ ಕಾಯ್ನೂ ಪಾಕೀಟ್‌ಗೆ ಆಕ್ನಿಲ್ವಲ್ಲಾ,” ಎಂದ ಕಿರಣ ಬೇಜಾರಿನಲ್ಲಿ.

ಸಂಜೆಯೊಳಗೆ ಅಜ್ಜಿಯ ಕಿವಿಗೆ ಸುದ್ದಿ ಮುಟ್ಟಿತ್ತು. “ಗಂಡೈಕ್ಳ ಜೊತೆ ಕ್ಯಾರಂ ಆಡ್ದಂತೆ? ಗೆದ್ದಾ?” ಎಂದು ಕೇಳಿದಳು. ಗೆದ್ದೆ ಎಂದೆ.

ಅಂದಹಾಗೆ ಆ ಅರ್ಜಿ ಎಲ್ಲಿದೆಯೋ ಕಾಣಲಿಲ್ಲ. ಹುಡುಕಬೇಕು.

ಅಕ್ಟೋಬರ್ ೧೪, ಮಂಗಳವಾರ

ನಿನ್ನೆಯ ಗಾಳಿ ಮಳೆಗೆ ಫ್ಲೆಕ್ಸ್ ಕಿತ್ತು ಮೋರಿಗೆ ಬಿತ್ತು. ಕಿರಣ ಅದನ್ನು ತೊಳೆದು, ಸುತ್ತಿ, ಸತ್ತವರ ಮನೆಗೆ ಬರುವವನ ಹಾಗೆ ಮುಖ ಮಾಡಿಕೊಂಡು ತಂದು ಕೊಟ್ಟ. ಅಜ್ಜಿಗೆ ಸೌದೆ ಮುಚ್ಚಲು ಒಳ್ಳೆಯ ಹೊದಿಕೆ ಸಿಕ್ಕಿತೆಂದು ಖುಷಿ. ಬಿಡಿಸಿದಾಗ ನೋಡಿದೆ, ಹಿಂಬದಿ ಬೆಳ್ಳಗಿದೆ. ಒಂದು ಗೀರೂ ಇಲ್ಲ.

ಅದು ನನಗೆ ಬೇಕು ಎಂದೆ. ಅಪ್ಪ ನಡುಮನೆಯ ಗೋಡೆಗೆ, ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳ ಕೆಳಗೆ, ಬಿಳಿ ಬದಿ ಕಾಣುವ ಹಾಗೆ ಮೊಳೆ ಹೊಡೆದುಕೊಟ್ಟ. ನನ್ನ ಮುಖ ಗೋಡೆಯ ಕಡೆಗೆ. ಒಲೆಯ ಇದ್ದಿಲಲ್ಲಿ ಚೆನ್ನಾಗಿ ಬರೆಯಬಹುದು, ಒದ್ದೆ ಬಟ್ಟೆಗೆ ಅಳಿಸುತ್ತದೆ. ನಂಜನಗೂಡಿನ ಕಾಲೇಜಿನ ಬೋರ್ಡಿಗಿಂತ ದೊಡ್ಡದು.

ನವೆಂಬರ್ ೯, ಭಾನುವಾರ

ಕಳಲೆಯಲ್ಲಿ ರೋಜಾಳ ನೆಂಟರ ಮದುವೆ. ಅಜ್ಜಿ ಸೋಬಾನೆಗೆ ಹೋಗಬೇಕಿತ್ತು, ಜೊತೆಗೆ ನಾನೂ ಹೋದೆ. ಧಾರೆಯ ಹೊತ್ತಿಗೆ ಹಾಡುತ್ತಿದ್ದ ಅಜ್ಜಿ ಒಂದು ಕಡೆ ತಡೆದಳು. ರೆಪ್ಪೆ ಹೊಡೆಯುವಷ್ಟು ಹೊತ್ತು. ಮತ್ತೆ ಹಾಡಿಕೊಂಡು ಹೋದಳು. ಬೇರೆಯವರಿಗೆ ತಿಳಿಯಲಿಲ್ಲ, ಆ ಪದವನ್ನು ಚಿಕ್ಕಂದಿನಿಂದ ಕೇಳಿದ ನನಗೆ ತಿಳಿಯಿತು. ತಡೆದ ಮೇಲೆ ಹಾಡಿದ ಸಾಲು ಆ ಪದದಲ್ಲಿ ಇರಲೇ ಇಲ್ಲ.

ಬರುವಾಗ ಕೇಳಿದೆ. “ಊ ಕಣವ್ವಾ, ಮರ್ತೋಯ್ತು,” ಎಂದಳು ಸಲೀಸಾಗಿ.

“ಮತ್ತೆ ಹೆಂಗೆ ಹಾಡ್ದೆ?”

“ಮರ್ತೋದ್ರೆ ಕಟ್ಕೊಳದು. ಎಣ್ಣು ಎಲ್ಲಿಂದ್ ಬಂದ್ಳು, ಎಲ್ಲಿಗ್ ಓಯ್ತಾವ್ಳೆ ಅಂತ ಗೊತ್ತಿದ್ರೆ ಮದ್ಯದ್ ಸಾಲು ತಾನಾಗ್ ಬತ್ತದೆ. ಎಲ್ಲಾನೂ ನೆಪ್ಪಲ್ಲಿ ಮಡಿಕಳಕಾದ್ದಾ?”

ನಾನು ಇಷ್ಟು ದಿನ ಅಜ್ಜಿಗೆ ಎಲ್ಲವೂ ಬಾಯಿಪಾಠ ಎಂದುಕೊಂಡಿದ್ದೆ.

ನವೆಂಬರ್ ೧೮, ಮಂಗಳವಾರ

ತಲೆ ಬಗ್ಗಿದ ಡಿ ಸಿಕ್ಕಿತು! ಒಂದನ್ನು ಅಲ್ಲಾಡಿಸುವಾಗ ಉಳಿದವನ್ನು ಅಲ್ಲಾಡದ ಹಾಗೆ ಹಿಡಿಯುವುದು, ಅಷ್ಟೇ. ಅವ್ವನಿಗೆ ಹೇಳಿದೆ, ಸಾರಿಗೆ ಖಾರ ಎಷ್ಟು ಹೆಚ್ಚಿದರೆ ರುಚಿ ಎಷ್ಟು ಬದಲಾಯಿತು ಎಂದು ನೋಡಬೇಕಾದರೆ ಅದೇ ಹೊತ್ತಿಗೆ ಉಪ್ಪು ಹಾಕಬಾರದು ತಾನೆ ಎಂದು. “ಅದ್ಕೆ ಕಾಲೇಜ್ಗೋಗ್ಬೇಕಾ?” ಎಂದಳು.

ಇವತ್ತು ಮ್ಯಾಥ್ಸ್ ಮೇಡಂ ಹತ್ತಿರ ರೋಜಾ ಜೊತೆ ನಾನೂ ಎದ್ದು ನಿಂತೆ. ಮೂರನೇ ಸೆಮಿಸ್ಟರಿನವರೆಗೆ ಕಾಯಲು ಆಗುವುದಿಲ್ಲ ಮೇಡಂ ಎಂದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೇಡಂ ಬಯ್ಯುತ್ತಾರೆ ಎಂದುಕೊಂಡರೆ, ಶನಿವಾರ ಒಂದು ಗಂಟೆ ಹೆಚ್ಚು ತೆಗೆದುಕೊಳ್ಳುತ್ತೇನೆ, ಬರುವವರು ಬನ್ನಿ ಎಂದರು. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ.

ಡಿಸೆಂಬರ್ ೧೬, ಮಂಗಳವಾರ

ಸೆಮಿಸ್ಟರ್ ಪರೀಕ್ಷೆ. ಕಾಂಪ್ಟನ್ ಬಂತು. ಈ ಸಲ ಡೆರಿವೇಶನ್ನೇ.

ಪ್ರಶ್ನೆಯನ್ನು ಎರಡು ಸಲ ಓದಿದೆ. ಬರೆಯುತ್ತಾ ಹೋದೆ. ಅರ್ಧಕ್ಕೆ ಬಂದಾಗ ಎಲ್ಲವೂ ಹೋಯಿತು. ಮುಂದಿನ ಸಾಲು ಇಲ್ಲ. ಹಿತ್ತಲು ನೆನಪಾಗುತ್ತಿದೆ, ಅಜ್ಜಿಯ ರಾಗ ನೆನಪಾಗುತ್ತಿದೆ, ಸಾಲು ಮಾತ್ರ ಇಲ್ಲ. ನನಗೆ, ಇಂದ್ರಾಣಿಗೆ, ಮರೆತುಹೋಯಿತು! ಪಿಯುಸಿಯಲ್ಲಿ ಹೀಗಾಗಿದ್ದರೆ ಅಲ್ಲೇ ಅತ್ತು ಎದ್ದು ಬರುತ್ತಿದ್ದೆ.

ಎಕ್ಸ್-ಕಿರಣ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ? ಬಂದದ್ದು ನೆಟ್ಟಗೆ, ಹೋದದ್ದು ಓರೆಗೆ, ಎಲೆಕ್ಟ್ರಾನು ಇನ್ನೊಂದು ಕಡೆಗೆ. ಮೊದಲಿದ್ದ ಶಕ್ತಿ, ಸಂವೇಗ ಎರಡೂ ಇಬ್ಬರಲ್ಲೂ ಸೇರಿ ಅಷ್ಟೇ ಇರಬೇಕು. ಅಲ್ಲಿಂದ ಹಿಡಿದುಕೊಂಡು ಕಟ್ಟಿದೆ. ಕೊನೆಗೆ ಪ್ಲಸ್ಸೋ ಮೈನಸ್ಸೋ ಅನುಮಾನ ಬಂತು. ಸೊನ್ನೆ ಹಾಕಿ ನೋಡಿದೆ. ಏಟು ಬೀಳದವನಿಗೆ ಗಾಯವಿಲ್ಲ. ಮೈನಸ್.

ಅಂಚಿಗೆ ಗೆರೆ ಹಾಕಲು ಸಮಯವಾಗಲಿಲ್ಲ. ಪೇಪರಿನ ತುಂಬ ಕಾಟು ಚಿತ್ತು, ರೋಜಾಳದರ ಹಾಗೆ. ಕೊನೆಯ ಎರಡು ಪ್ರಶ್ನೆ ಮುಟ್ಟಲೇ ಇಲ್ಲ. ಹೊರಗೆ ಬಂದಾಗ ತುಂಬ ಹಸಿವಾಗಿತ್ತು. ಇಬ್ಬರೂ ಬಸ್ ಸ್ಟ್ಯಾಂಡ್ ಹತ್ತಿರ ಮಸಾಲೆ ಮಂಡಕ್ಕಿ ತಿಂದೆವು. ಯಾಕೋ ಇವತ್ತು ಬಹಳ ಸಂತೋಷವಾಗಿದೆ.

ಫೆಬ್ರವರಿ ೮, ಭಾನುವಾರ

ರಿಸಲ್ಟ್ ಬಂತೆಂದು ಕೇಳಿ ಕಿರಣ ಬೆಳಿಗ್ಗೆಯೇ ಮೊಬೈಲ್ ಹಿಡಿದು ಬಂದ. ಹೊಸ ಫ್ಲೆಕ್ಸಿಗೆ ಫೋಟೊ ಬೇಕಂತೆ. “ಎಷ್ಟ್ ಬಂದದೆ ಅಕ್ಕಾ ಫಿಸಿಕ್ಸ್‌ಗೆ?”

“ಎಂಬತ್ತಕ್ಕೆ ನಲವತ್ತೇಳು. ರೋಜಾಗೆ ಐವತ್ತೆರಡು!”

ಕಿರಣನ ಮುಖ ಇಳಿಯಿತು. ಮೊಬೈಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. “ಫ್ಲೆಕ್ಸ್‌ಗೆ ಆಗಕ್ಕಿಲ್ಲ ಕಣಕ್ಕಾ. ಬೇಜಾರ್ ಮಾಡ್ಕೋಬ್ಯಾಡಿ, ಮುಂದಿನ್ ಸಲ ನೋಡವ,” ಎಂದು ನನಗೇ ಸಮಾಧಾನ ಹೇಳಿ ಹೋದ. ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅಜ್ಜಿ ಬಂದಳು. ಮರದ ಹುಣಸೆ ಬಡಿದಿದ್ದಾರೆ, ಒಣಹಾಕಲು ಫ್ಲೆಕ್ಸ್ ಬೇಕಂತೆ. ಮೊಳೆ ಕಿತ್ತು ಅಂಗಳದಲ್ಲಿ ಹಾಸಿದೆವು. ಫೋಟೊ ಇರುವ ಬದಿ ಮೇಲೆ ಮಾಡಿದರೆ, “ಅಯ್ಯೋ, ನನ್ ಮೊಮ್ಮಗಳ ಮೊಕದ್ ಮ್ಯಾಲೆ ಉಣ್ಸೆಣ್ಣು ಸುರೀಲಾ?” ಎಂದು ಅಜ್ಜಿಯೇ ಮಗುಚಿದಳು. ಬಿಳಿ ಬದಿಯ ತುಂಬ ನಮ್ಮ ಇದ್ದಿಲ ಲೆಕ್ಕ. ಮೂಲೆಯಿಂದ ಮೂಲೆಗೆ, ರೋಜಾಳ ಅಕ್ಷರ ಸೊಟ್ಟಗೆ, ನನ್ನದು ಅದಕ್ಕಿಂತ ಸೊಟ್ಟಗೆ. ಅಜ್ಜಿ ಅದರ ಸುತ್ತ ಒಂದು ಸುತ್ತು ನಡೆದು ನೋಡಿದಳು.

“ಇದ್ನೆಲ್ಲಾ ಒರ್ಸ್ಬೇಕಲ್ಲ ಕೂಸೇ, ಇಲ್ದಿದ್ರೆ ಉಣ್ಸೆಣ್ಗೆ ಮಸಿ ಇಡೀತದೆ. ಅಳುಸ್ಬುಟ್ರೆ ನಿಂಗ್ ಮರ್ತೋಗಕ್ಕಿಲ್ವಾ?”

“ಮರ್ತೋದ್ರೆ ಕಟ್ಕೊತೀನಿ ಬುಡಜ್ಜಿ,” ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ಅರ್ಧ ಅವಳು ಒರೆಸಿದಳು, ಅರ್ಧ ನಾನು. ಹುಣಸೆ ಒಣಗುವವರೆಗೆ ಅಡುಗೆಮನೆಯ ನೆಲದಲ್ಲೇ ಬರೆದುಕೊಳ್ಳಬೇಕು. ಮಧ್ಯಾಹ್ನ ರೋಜಾ ಬರುತ್ತಾಳೆ.